ಹುಟ್ಟುಹಬ್ಬಕ್ಕೆ ಮೊದಲು ಮಕ್ಕಳನ್ನೇ ಕೇಳಿ

ಮೊಮ್ಮಗಳಿಗೆ ಈ ಆಟಿ ತಿಂಗಳಲ್ಲಿ, ಅಂದರೆ ನಮ್ಮ ಕಡೆಯ ಜೋರು ಮಳೆಯ ತಿಂಗಳಲ್ಲಿ, 20 ತುಂಬಿತು. ಅವಳ ಹುಟ್ಟುಹಬ್ಬಕ್ಕೆ ನಾನು ಪ್ರತಿ ವರ್ಷ ಕೆಸುವಿನ ಎಲೆಯ ಪತ್ರೊಡೆ ಮಾಡುತ್ತಿದ್ದೆ. ಸಣ್ಣವಳಿದ್ದಾಗ ಅವಳು ತಟ್ಟೆ ನೆಕ್ಕಿ ತಿಂದದ್ದು ನನ್ನ ಕಣ್ಣಲ್ಲೇ ಉಳಿದಿತ್ತು. ಈ ಸಲ ಒಂದು ವಾರ ಮೊದಲು ಮೆಲ್ಲನೆ ಹೇಳಿದಳು, "ಅಜ್ಜೀ, ಬೇಜಾರು ಮಾಡಬೇಡಿ. ಪತ್ರೊಡೆ ತಿಂದರೆ ನನಗೆ ಗಂಟಲು ತುರಿಸುತ್ತದೆ." ಮೂರು ವರ್ಷ ನನಗೋಸ್ಕರ ಸುಮ್ನೆ ತಿಂದಿದ್ದಾಳೆ ಮಗು. ಕೇಳಿ ಹೊಟ್ಟೆ ಚುರುಕ್ ಎಂದಿತು.

ಹಾಗಾಗಿ ಎಲ್ಲಕ್ಕಿಂತ ಮೊದಲು ಕೇಳಿ. ಈಗ ಯಾವ ಊಟ ಇಷ್ಟ, ಯಾವ ಹಾಡು ಇಷ್ಟ, ಎಷ್ಟು ಜನ ಬರುತ್ತಾರೆ. ಈ ವಯಸ್ಸಿನವರ ಇಷ್ಟ ಬೇಗ ಬದಲಾಗುತ್ತದೆ. ಹಳೆಯ ನೆನಪು ಹಿಡಿದು ಅಡುಗೆಗೆ ಇಳಿಯಬೇಡಿ.

ನಮ್ಮ ಕಡೆ ಹುಟ್ಟಿದ ನಕ್ಷತ್ರದ ದಿನ ಬೇರೆ, ತಾರೀಕಿನ ದಿನ ಬೇರೆ. ಎರಡನ್ನೂ ಒಂದೇ ದಿನ ಗಂಟು ಹಾಕಿದರೆ ಅಡುಗೆಮನೆಯಲ್ಲಿ ನಿಂತವರ ಸೊಂಟ ಹೋಗುತ್ತದೆ. ನಾವು ನಕ್ಷತ್ರದ ದಿನ ಮಧೂರು ಗಣಪತಿ ದೇವಸ್ಥಾನಕ್ಕೆ ಹೋಗಿ, ಅಲ್ಲಿನ ಸಿಹಿ ಅಪ್ಪದ ಪ್ರಸಾದ ತಂದು, ಮನೆಯಲ್ಲಿ ಹೆಸರುಬೇಳೆ ಪಾಯಸ ಮಾಡಿದೆವು. ಪಾಯಸದಲ್ಲಿ ಬೇಳೆ ಮತ್ತು ಬೆಲ್ಲ ಎರಡನೇ ಸಲ ಹಿಂಡಿದ ತೆಳು ಕಾಯಿಹಾಲಿನಲ್ಲಿ ಕುದಿಯಲಿ. ಮೊದಲು ಹಿಂಡಿದ ದಪ್ಪ ಹಾಲು ಕೊನೆಗೆ ಹಾಕಿ, ಬಿಸಿಯಾದ ಕೂಡಲೇ ಇಳಿಸಿ. ಕುದಿಸಿದರೆ ಒಡೆಯುತ್ತದೆ. ಸ್ನೇಹಿತರ ಊಟವನ್ನು ತಾರೀಕಿನ ದಿನಕ್ಕೆ ಬಿಟ್ಟೆವು.

ಅವಳಿಗೀಗ ಕುಝಿಮಂದಿ ಅಂದರೆ ಪ್ರಾಣ. ಮಾಂಸ ಹಾಕಿದ ಅನ್ನ ಅದು. ಯೆಮನ್ ದೇಶದ ಈ ಊಟ ನಮ್ಮ ಕಾಸರಗೋಡಿನಲ್ಲೂ ಮನೆಮಾತಾಗಿದೆ. ಮಲಯಾಳದಲ್ಲಿ ಕುಝಿ ಅಂದರೆ ಗುಂಡಿ, ನೆಲದ ಗುಂಡಿಯಲ್ಲಿ ಕೆಂಡ ಹಾಕಿ ಬೇಯಿಸುವುದರಿಂದ ಆ ಹೆಸರು. ನಮ್ಮದು ಮಾಂಸ ಬೇಯಿಸದ ಮನೆ. "ತರಕಾರಿ ಹಾಕಿ ಮಾಡಿಕೊಡುತ್ತೇನೆ, ಆಗದಾ?" ಅಂದೆ. ಅವಳ ಮುಖ ಅರಳಿತು.

ಹತ್ತು ಜನಕ್ಕೆ ಒಂದು ಕಿಲೋ ಸೆಲ್ಲಾ ಬಾಸ್ಮತಿ, ಅಂದರೆ ಕುಚ್ಚಿಲು ಮಾಡಿದ ಬಾಸ್ಮತಿ ಅಕ್ಕಿ, ಸಾಕು. ಒಂದು ಗಂಟೆ ನೆನೆಸಿ. ಏಲಕ್ಕಿ, ಲವಂಗ, ಚಕ್ಕೆ, ಉಪ್ಪು ಹಾಕಿದ ನೀರಿನಲ್ಲಿ ಮುಕ್ಕಾಲು ಬೇಯಿಸಿ ಬಸಿಯಿರಿ. ದಪ್ಪ ತಳದ ಪಾತ್ರೆಯಲ್ಲಿ ತುಪ್ಪ, ನೀರುಳ್ಳಿ, ಕ್ಯಾರೆಟ್, ಅಣಬೆ, ಬೇಯಿಸಿದ ಕಾಬೂಲಿ ಕಡಲೆ ಬಾಡಿಸಿ. ಜೀರಿಗೆ, ಕಾಳುಮೆಣಸು, ಕೊತ್ತಂಬರಿ ಪುಡಿ ಸೇರಿಸಿ. ಮೇಲೆ ಅನ್ನ ಹರಡಿ ಸಣ್ಣ ಉರಿಯಲ್ಲಿ ಕಾಲು ಗಂಟೆ ಮುಚ್ಚಿಡಿ. ಇನ್ನು ಹೊಗೆ. ಅದಿಲ್ಲದಿದ್ದರೆ ಇದು ಬರೀ ಪಲಾವ್. ನಾರು ಪೂರ್ತಿ ಕೆರೆದ ತೆಂಗಿನ ಗೆರಟೆಯನ್ನು (ಚಿಪ್ಪನ್ನು) ಬಚ್ಚಲ ಒಲೆಯಲ್ಲಿ ಸುಡಿ. ಜ್ವಾಲೆ ನಿಂತು ಕೆಂಪಗಿನ ಕೆಂಡವಾಗಬೇಕು. ಅದನ್ನು ಸಣ್ಣ ಸ್ಟೀಲ್ ಬಟ್ಟಲಲ್ಲಿಟ್ಟು ಅನ್ನದ ನಡುವೆ ಕೂರಿಸಿ, ಒಂದು ಚಮಚ ತುಪ್ಪ ಬಿಟ್ಟು ಕೂಡಲೇ ಮುಚ್ಚಿ. ಐದು ನಿಮಿಷ ಸಾಕು, ಜಾಸ್ತಿಯಾದರೆ ಕಹಿ ಬರುತ್ತದೆ. ಗೆರಟೆಯನ್ನು ಮುಚ್ಚಿದ ಅಡುಗೆಮನೆಯೊಳಗೆ ಮಾತ್ರ ಸುಡಬೇಡಿ.

ಇದಕ್ಕೆ ನಂಚಿಕೊಳ್ಳಲು ಮಯೋನೈಸ್ ಎಂಬ ಬಿಳಿ ಸಾಸ್ ಇಲ್ಲದೆ ಮಕ್ಕಳಿಗೆ ಆಗುವುದಿಲ್ಲ. ಹಸಿ ಮೊಟ್ಟೆಯಿಂದ ಮಾಡಿದ ಮಯೋನೈಸನ್ನು ಕೇರಳ ಸರ್ಕಾರ 2023ರ ಜನವರಿಯಲ್ಲಿ ನಿಷೇಧಿಸಿದೆ. ಅದರಲ್ಲಿ ರೋಗಾಣು ಬೇಗ ಬೆಳೆಯುತ್ತದೆ. ಮನೆಯಲ್ಲಿ ಮೊಟ್ಟೆ ಬೇಡವೇ ಬೇಡ. ಕಾಯಿಸಿ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿದ ಹಾಲು ಅರ್ಧ ಲೋಟ, ವಾಸನೆಯಿಲ್ಲದ ಎಣ್ಣೆ ಒಂದು ಲೋಟ, ಎರಡು ಎಸಳು ಬೆಳ್ಳುಳ್ಳಿ, ಉಪ್ಪು. ಮಿಕ್ಸಿಯಲ್ಲಿ ತಿರುಗಿಸಿ, ದಪ್ಪವಾದ ಮೇಲೆ ಲಿಂಬೆ ಹಿಂಡಿ. ಬಡಿಸುವವರೆಗೆ ಫ್ರಿಜ್ಜಿನಲ್ಲೇ ಇರಲಿ, ಅದೇ ದಿನ ಮುಗಿಯಲಿ.

ಕೇಕ್ ಹತ್ತು ಜನಕ್ಕೆ ಒಂದು ಕಿಲೋ ಧಾರಾಳ. ಮೇಣದಬತ್ತಿ ಉರಿಯುವಾಗ ನೊರೆ ಸ್ಪ್ರೇ ಹೊಡೆಯಲು ಯಾರನ್ನೂ ಬಿಡಬೇಡಿ. ಅದರೊಳಗಿನ ಗ್ಯಾಸಿಗೆ ಬೆಂಕಿ ಹತ್ತುತ್ತದೆ, ಮುಖ ಸುಡುತ್ತದೆ. ನಾನು ಆ ಡಬ್ಬವನ್ನು ಮೊದಲೇ ತೆಗೆದಿಟ್ಟಿದ್ದೆ.

ಇನ್ನು ಹಾಡು. ಆಟಿಯ ಮಳೆ ಅಂದರೆ ಗೊತ್ತಲ್ಲ, ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ಹಿಂದಿನ ರಾತ್ರಿಯೇ ಹಾಡುಗಳನ್ನು ಫೋನಿಗೆ ಇಳಿಸಿ, ಸ್ಪೀಕರ್ ಚಾರ್ಜ್ ಮಾಡಿಸಿ. ಸ್ಪೀಕರನ್ನು ಗೋಡೆಯ ಮೂಲೆಗೆ ಒತ್ತಿ ಇಟ್ಟರೆ ಬರೀ ಧಂ ಧಂ ಕೇಳುತ್ತದೆ. ಕೂತವರ ಕಿವಿಯ ಎತ್ತರಕ್ಕೆ, ಗೋಡೆಯಿಂದ ದೂರ ಇಡಿ. ಆಗ ಮಳೆಯ ಸದ್ದಿನಲ್ಲೂ ಮಾತು ಸ್ಪಷ್ಟ ಕೇಳುತ್ತದೆ. ರಾತ್ರಿ 10ರ ಮೇಲೆ ಹೊರಗೆ ಧ್ವನಿವರ್ಧಕ ಹಾಕಲು ಕಾನೂನು ಬಿಡುವುದಿಲ್ಲ. ನಾವು ಒಂಬತ್ತೂವರೆಗೇ ನಿಲ್ಲಿಸಿದೆವು, ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಾಳೆ.

ಅವಳಿಗೀಗ ಮಲಯಾಳ ರ‍್ಯಾಪ್ ಅಂದರೆ ಇಷ್ಟ. ಓಡುವ ಮಾತು, ನನಗೆ ಅರ್ಧವೂ ಸಿಗಲಿಲ್ಲ. "ಶಬ್ದ ಕಡಿಮೆ ಮಾಡು" ಅನ್ನುವ ಬದಲು ಪಕ್ಕದಲ್ಲಿ ಕೂತು ಅರ್ಥ ಕೇಳಿದೆ. ಒಂದೊಂದು ಸಾಲನ್ನೂ ನಿಲ್ಲಿಸಿ ಹೇಳಿದಳು. ಕಾಲೇಜಿಗೆ ಹೋದಮೇಲೆ ಅವಳು ನನ್ನೊಡನೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು, ತಾಳಕ್ಕೆ ಕಿವಿ ಕೊಡುವುದು ಗೊತ್ತು. ಆ ಪೆಟ್ಟು ಕೇಳಿ ನನಗೆ ಚೆಂಡೆ ನೆನಪಾಯಿತು ಅಂದೆ. ಆಮೇಲೆ ಅವಳೇ ಯಕ್ಷಗಾನದ ಹಾಡು, ಒಂದು ಭಾಗವತಿಕೆ ಹಾಕಿದಳು. ಅವಳ ಸ್ನೇಹಿತರೂ ಸುಮ್ಮನೆ ಕೂತು ಕೇಳಿದರು.

ಉಳಿದ ಅನ್ನ ಎರಡು ಗಂಟೆಗಿಂತ ಜಾಸ್ತಿ ಹೊರಗಿರಬಾರದು. ಅಗಲ ತಟ್ಟೆಯಲ್ಲಿ ಹರಡಿ, ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸಿ. ಹೊರಗೇ ಇದ್ದ ಅನ್ನದಲ್ಲಿ ಒಮ್ಮೆ ವಿಷ ಸೇರಿದರೆ ಮತ್ತೆ ಬಿಸಿ ಮಾಡಿದರೂ ಅದು ಹೋಗುವುದಿಲ್ಲ. ಬಸ್ಸಿನಲ್ಲಿ ಒಂದೆರಡು ಗಂಟೆ ಹೋಗುವ ಮಕ್ಕಳಿಗೆ ಪ್ರೀತಿಯಿಂದ ಕುಝಿಮಂದಿ ಕಟ್ಟಿಕೊಡಬೇಡಿ. ನಾನು ಬೇಸಿಗೆಯಲ್ಲಿ ಒಣಗಿಸಿದ ಹಲಸಿನಕಾಯಿ ಹಪ್ಪಳ ಹತ್ತು ಹತ್ತು ಕಟ್ಟಿ, ಮಳೆ ತಾಗದ ಹಾಗೆ ಪ್ಲಾಸ್ಟಿಕ್ ಸುತ್ತಿ ಕೊಟ್ಟೆ.