ಟ್ರಯಾಜ್ ನಿರ್ಣಯದ ಪರೀಕ್ಷೆಯನ್ನು ನಮ್ಮ ಕ್ಯಾಶುವಲ್ಟಿಗೆ ಹೊಂದಿಸುವುದು ಹೇಗೆ

ಬಂದ ರೋಗಿಗಳಲ್ಲಿ ಯಾರನ್ನು ಮೊದಲು ನೋಡಬೇಕೆಂದು ತುರ್ತಿನ ಹಂತ ಗೊತ್ತುಮಾಡುವುದೇ ಟ್ರಯಾಜ್. ಟ್ರಯಾಜ್ ಪರೀಕ್ಷೆ ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆ ಓಡಾಡುತ್ತವೆ. ‘ಗದ್ದಲದಲ್ಲೂ ನಾನು ಬೇಗ ನಿರ್ಧರಿಸಬಲ್ಲೆ’ ಎಂಬಂಥ ಹೇಳಿಕೆಗೆ ಸಿಬ್ಬಂದಿ ತಮಗೆ ತಾವೇ ಅಂಕ ಹಾಕಿಕೊಳ್ಳುವುದು ಒಂದು. ಕೇಸ್ ಕೊಟ್ಟು ಹಂತ ಕೇಳುವುದು ಇನ್ನೊಂದು. ಮೊದಲನೆಯದರಲ್ಲಿ ಗೊತ್ತಾಗುವುದು ಧೈರ್ಯ ಮಾತ್ರ. ಹುಬ್ಬಳ್ಳಿ, ಗದಗ, ಹಾವೇರಿಯ ಕ್ಯಾಶುವಲ್ಟಿಗಳಿಗೆ ಬೇಕಾದದ್ದು ಎರಡನೆಯದು.

ಇಂಗ್ಲಿಷಿನಲ್ಲಿರುವ ಮೂಲ ಪರೀಕ್ಷೆಯ ಹಕ್ಕುದಾರರಿಂದ ಲಿಖಿತ ಅನುಮತಿ ತೆಗೆದುಕೊಳ್ಳಿ. ಅನುವಾದಕ್ಕಷ್ಟೇ ಅಲ್ಲ, ಕೇಸ್ ಬದಲಿಸುವುದಕ್ಕೂ ಅನುಮತಿ ಬೇಕೆಂದು ಪತ್ರದಲ್ಲಿ ಬರೆಯಿರಿ.

ಆಮೇಲೆ ಹಂತಗಳ ಲೆಕ್ಕ. ಇ.ಎಸ್.ಐ. (ಎಮರ್ಜೆನ್ಸಿ ಸಿವಿಯರಿಟಿ ಇಂಡೆಕ್ಸ್) ಎಂಬ ಟ್ರಯಾಜ್ ಪದ್ಧತಿಯಲ್ಲಿ 5 ಹಂತ; 1 ಅತಿ ತುರ್ತು, 5 ಅತಿ ಕಡಿಮೆ ತುರ್ತು. ನಿಮ್ಮಲ್ಲಿ ಕೆಂಪು, ಹಳದಿ, ಹಸಿರು ಎಂಬ 3 ಬಣ್ಣದ ಹಂತಗಳಿದ್ದರೆ 5 ಹಂತದ ಉತ್ತರಪಟ್ಟಿಯನ್ನು ಮಡಚಿ 3 ಮಾಡಲು ಹೋಗಬೇಡಿ. ಎರಡನೇ ಹಂತದ ರೋಗಿಗಳು ಕೆಂಪಿಗೂ ಹಳದಿಗೂ ಹಂಚಿಹೋಗುತ್ತಾರೆ. ನಿಮ್ಮ ಪ್ರೋಟೋಕಾಲ್ ಮುಂದಿಟ್ಟುಕೊಂಡು ಒಂದೊಂದೇ ಕೇಸಿಗೆ ಹೊಸದಾಗಿ ಉತ್ತರ ಗೊತ್ತುಮಾಡಬೇಕು.

ಅನುವಾದವನ್ನು ಇಬ್ಬರು ಬೇರೆ ಬೇರೆಯಾಗಿ ಮಾಡಲಿ: ಒಬ್ಬರು ಕ್ಯಾಶುವಲ್ಟಿಯಲ್ಲಿ ಕೆಲಸ ಮಾಡುವ ನರ್ಸ್, ಇನ್ನೊಬ್ಬರು ವೈದ್ಯಕೀಯದ ಹೊರಗಿನವರು. ಎರಡನ್ನೂ ಕೂಡಿಸಿ ಒಂದು ಪ್ರತಿ ಮಾಡಿ, ಮೂಲವನ್ನು ನೋಡದ ಇಬ್ಬರಿಂದ ಇಂಗ್ಲಿಷಿಗೆ ಮರಳಿಸಿ, ತಾಳೆ ನೋಡಿ. ಪಲ್ಸ್, ಬಿ.ಪಿ., ಸ್ಯಾಚುರೇಷನ್ ಕೇಸ್ ಶೀಟಿನಲ್ಲಿ ಇರುವಂತೆಯೇ ಇರಲಿ. ‘ಆಮ್ಲಜನಕ ಸಾಂದ್ರತೆ’ ಎಂದು ಬರೆದರೆ ಓದುವುದಕ್ಕೇ ಸಮಯ ಹೋಗಿ, ನಿರ್ಣಯದ ವೇಗದ ಅಳತೆ ಕೆಡುತ್ತದೆ.

ನಿಜವಾದ ಕೆಲಸ ಇರುವುದು ಕೇಸುಗಳಲ್ಲಿ. ಸನ್ನಿವೇಶ ಬದಲಾಗಬಹುದು, ಅಪಾಯದ ಮಟ್ಟ ಬದಲಾಗಕೂಡದು. ಮೂಲದಲ್ಲಿ ಒಬ್ಬಳು ಹಿಮದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಾಳೆ ಎನ್ನೋಣ. ಬಚ್ಚಲಲ್ಲಿ ಜಾರಿದಳು ಎಂದು ಬರೆದರೆ ಉತ್ತರ ಹಾಗೇ ಉಳಿಯುತ್ತದೆ. ಬೈಪಾಸಿನಲ್ಲಿ ಬೈಕಿನಿಂದ ಬಿದ್ದಳು ಎಂದರೆ ತಲೆ, ಕುತ್ತಿಗೆ, ಹೊಟ್ಟೆಯ ಪೆಟ್ಟಿನ ಅನುಮಾನ ಸೇರಿಕೊಂಡು ಹಂತ ಏರುತ್ತದೆ. ಕೇಸ್ ‘ನಮ್ಮದು’ ಅನಿಸಿದ್ದಕ್ಕೇ ಖುಷಿಪಟ್ಟು ಈ ಏರಿಕೆಯನ್ನು ಗಮನಿಸದೆ ಬಿಡುವುದು ಬಹಳ.

ಹೊಸ ಕೇಸ್ ಸೇರಿಸುವುದಾದರೆ ಇಲ್ಲಿನ ಜನರಿಗೆ ಆಗುವಂಥದ್ದನ್ನೇ ಆರಿಸಿ. ಮಾದರಿಗೆ ಒಂದು:

ಬ್ಯಾಡಗಿ ಕಡೆಯ ಹಳ್ಳಿ, 34 ವರ್ಷದ ಹೆಂಗಸು. ರಾತ್ರಿ ನೆಲದ ಮೇಲೆ ಮಲಗಿದ್ದರು. ನಸುಕಿನಲ್ಲಿ ಹೊಟ್ಟೆನೋವು, ವಾಂತಿ. ಗಾಯವಿಲ್ಲ. ‘ಕಣ್ಣ ರೆಪ್ಪಿ ಎತ್ತಾಕ ಆಗವಲ್ದ್ರಿ’ ಅನ್ನುತ್ತಾರೆ. ಪಲ್ಸ್ 92, ಉಸಿರು 18, ಬಿ.ಪಿ. 124/80, ಸ್ಯಾಚುರೇಷನ್ 97.

ಇ.ಎಸ್.ಐ. ಪ್ರಕಾರ ಇದು 2. ಕಟ್ಟುಹಾವಿನ ಕಡಿತದಲ್ಲಿ ಗುರುತು ಕಾಣದೇ ಇರಬಹುದು. ರೆಪ್ಪೆ ಜೋಲುವುದು ವಿಷದಿಂದ ಸ್ನಾಯುಗಳು ಸೋಲುವುದರ ಆರಂಭ, ಮುಂದೆ ಉಸಿರಾಟದ ಸ್ನಾಯುಗಳೂ ಸೋಲಬಹುದು. ಅಂಕಿಗಳನ್ನಷ್ಟೇ ನೋಡಿದವರು 3 ಬರೆಯುತ್ತಾರೆ. ಆ ತಪ್ಪು ಹೊರಬರಲೆಂದೇ ಅಂಕಿಗಳು ಸಹಜವಾಗಿವೆ. ರೋಗಿಯ ಮಾತನ್ನು ತಿದ್ದಿ ಪುಸ್ತಕದ ಕನ್ನಡ ಮಾಡಿದರೆ ಸುಳಿವು ಸಪ್ಪೆಯಾಗುತ್ತದೆ; ರೆಪ್ಪೆ ಜೋಲುವುದಕ್ಕಿರುವ ವೈದ್ಯಕೀಯ ಪದ ‘ಪ್ಟೋಸಿಸ್’ ಎಂದು ಬರೆದುಬಿಟ್ಟರೆ ಉತ್ತರ ಹೇಳಿಕೊಟ್ಟಂತೆ.

ಅಂಕಿಗಳನ್ನು ಅಂಚಿನಲ್ಲಿ ಇಡಬೇಡಿ. ದೊಡ್ಡವರಲ್ಲಿ ಪಲ್ಸ್ 100ಕ್ಕಿಂತ, ಉಸಿರು 20ಕ್ಕಿಂತ ಹೆಚ್ಚು, ಸ್ಯಾಚುರೇಷನ್ 92ಕ್ಕಿಂತ ಕಡಿಮೆ ಆದಾಗ ಇ.ಎಸ್.ಐ. 3ರಿಂದ 2ಕ್ಕೆ ಏರಿಸುವ ಯೋಚನೆ ಮಾಡಿ ಅನ್ನುತ್ತದೆ. ಪಲ್ಸ್ 101 ಕೊಟ್ಟರೆ ತಜ್ಞರೇ ಜಗಳಾಡುತ್ತಾರೆ.

ರಿಸೋರ್ಸ್ ಎಣಿಕೆಯಲ್ಲಿ, ಅಂದರೆ ರೋಗಿಗೆ ಎಷ್ಟು ಬಗೆಯ ಪರೀಕ್ಷೆ, ಚಿಕಿತ್ಸೆ ಬೇಕಾಗಬಹುದು ಎಂಬ ಇ.ಎಸ್.ಐ. ಲೆಕ್ಕದಲ್ಲಿ, ಎಡವುವವರು ಹೆಚ್ಚು. ಸಿ.ಬಿ.ಸಿ. ಮತ್ತು ಕ್ರಿಯಾಟಿನಿನ್ ಎರಡೂ ರಕ್ತಪರೀಕ್ಷೆ, ಸೇರಿ ಒಂದೇ. ರಕ್ತಪರೀಕ್ಷೆ ಜೊತೆ ಎಕ್ಸ್‌ರೇ ಆದರೆ ಎರಡು. ಗುಳಿಗೆ, ಟಿ.ಟಿ. ಇಂಜೆಕ್ಷನ್ ಲೆಕ್ಕಕ್ಕಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ಸಿ.ಟಿ. ಇಲ್ಲವೆಂದು ಅದನ್ನು ಎಣಿಕೆಯಿಂದ ಬಿಡುವಂತಿಲ್ಲ: ರೋಗಿಗೆ ಏನು ಬೇಕು ಎಂಬುದು ಪ್ರಶ್ನೆ. ಎಂ.ಎಲ್.ಸಿ. (ಪೊಲೀಸರಿಗೆ ತಿಳಿಸಬೇಕಾದ) ಕೇಸಾದರೆ ತಂತಾನೇ ಮೇಲಿನ ಹಂತ ಎಂಬ ಗ್ರಹಿಕೆಯೂ ಇದೆ. ಅದನ್ನು ಪರೀಕ್ಷಿಸಲು ಸಣ್ಣ ಗಾಯದ ಒಂದು ಹೊಡೆದಾಟದ ಕೇಸ್ ಇಡಿ.

ಉತ್ತರಪಟ್ಟಿಗೆ ತಜ್ಞರು ಒಬ್ಬರಿಗೊಬ್ಬರು ತೋರಿಸದೆ ಹಂತ ಬರೆಯಬೇಕು. ಆಮೇಲೆ ಚರ್ಚೆ. ಆಗಲೂ ಒಪ್ಪದಿದ್ದರೆ ಕೇಸನ್ನೇ ಕೈಬಿಡಿ, ಕೈಯೆತ್ತಿಸಿ ತೀರ್ಮಾನಿಸಬೇಡಿ. ಪ್ರತಿ ಕೇಸ್ ಎಷ್ಟು ಪ್ರಸ್ತುತ ಎಂದು 1ರಿಂದ 4ರವರೆಗೆ ಅಂಕ ಹಾಕಿಸಿ. 9 ಜನರಲ್ಲಿ ಕನಿಷ್ಠ 7 ಮಂದಿ 3 ಅಥವಾ 4 ಕೊಟ್ಟಿದ್ದರೆ ಉಳಿಸಿಕೊಳ್ಳಿ. ಐವರೇ ಇದ್ದರೆ ಐವರೂ ಒಪ್ಪಬೇಕು.

ಬಳಿಕ 30ರಿಂದ 40 ಸಿಬ್ಬಂದಿಗೆ ಕೊಟ್ಟು, ಕೆಲವರನ್ನಾದರೂ ಯೋಚಿಸುತ್ತಿರುವುದನ್ನು ಬಾಯಿಬಿಟ್ಟು ಹೇಳಲು ಕೇಳಿ. ಹಂತ ಸರಿಯಿದ್ದೂ ಕಾರಣ ತಪ್ಪಾಗಿದ್ದರೆ ಆ ಕೇಸ್ ಸುಲಭವಾಯಿತು ಎಂದರ್ಥ.

ಫಲಿತಾಂಶಕ್ಕೆ ಶೇಕಡಾವಾರು ಅಂಕ ಸಾಲದು. 1ನೇ ಹಂತದವರನ್ನು 2 ಎಂದವನೂ 4 ಎಂದವನೂ ಒಂದೇ ಅಲ್ಲ, ಹಾಗಾಗಿ ತಪ್ಪು ಎಷ್ಟು ಹಂತ ದೂರದ್ದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ವೆಯ್ಟೆಡ್ ಕಪ್ಪಾ ಎಂಬ ಅಳತೆ ಬಳಸಿ. ಕೆಳಗಿಳಿಸಿದ ಮತ್ತು ಮೇಲೇರಿಸಿದ ತಪ್ಪುಗಳನ್ನು ಬೇರೆ ಕಾಲಂನಲ್ಲಿ ಬರೆಯಿರಿ. ಎರಡು ವಾರ ಬಿಟ್ಟು ಅದೇ ಕೇಸುಗಳನ್ನು ಕ್ರಮ ಬದಲಿಸಿ ಮತ್ತೆ ಕೊಡಿ. ಪತ್ರಿಕೆಗಳನ್ನು ಎಣಿಸಿ ವಾಪಸು ತೆಗೆದುಕೊಳ್ಳಿ, ಮೊಬೈಲ್ ಹೊರಗಿಡಿಸಿ; ಇಲ್ಲದಿದ್ದರೆ ನೈಟ್ ಡ್ಯೂಟಿಯವರು ಬರುವ ಮೊದಲೇ ಅದು ವಾಟ್ಸಾಪ್ ಗ್ರೂಪಿನಲ್ಲಿರುತ್ತದೆ.