ಒಂದು ಸುದ್ದಿ, ಒಂದು ಪುಟ: ಪ್ರಚಲಿತ ವಿದ್ಯಮಾನ ಓದುವುದು ಹೇಗೆ?

ಮಳೆಗಾಲ ಬಂದರೆ ವಿಜಯಪುರ, ಬಾಗಲಕೋಟೆ ಆವೃತ್ತಿಯ ಪತ್ರಿಕೆಗಳಲ್ಲಿ ಕೃಷ್ಣಾ ನದಿಯ ಆಲಮಟ್ಟಿ ಜಲಾಶಯದ ಒಳಹರಿವು, ಹೊರಹರಿವಿನ ಸುದ್ದಿ ತಪ್ಪುವುದಿಲ್ಲ. ವಿಜಯಪುರದ ವಾಚನಾಲಯಗಳಲ್ಲಿ ಬೆಳಿಗ್ಗೆ ಪತ್ರಿಕೆ ಹರಡಿಕೊಂಡು ಕುಳಿತ ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು ಆ ಕ್ಯೂಸೆಕ್ ಲೆಕ್ಕವನ್ನು ಶ್ರದ್ಧೆಯಿಂದ ನೋಟ್‌ಬುಕ್‌ಗೆ ಇಳಿಸಿಕೊಳ್ಳುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಮರುದಿನಕ್ಕೆ ಹಳಸುವ ಅಂಕಿ ಅದು. ಅದೇ ಸುದ್ದಿಯ ಬೇರಿನಲ್ಲಿ ಸಂವಿಧಾನವಿದೆ, ಕಾನೂನಿದೆ, ನದಿಯ ಭೂಗೋಳವಿದೆ. ಪರೀಕ್ಷೆಗೆ ಬರುವುದು ಆ ಬೇರು. ಅಲ್ಲಿಗೆ ಇಳಿಯುವ ಒಂದು ಕ್ರಮವನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಪಠ್ಯಕ್ರಮ

ಪತ್ರಿಕೆ ಬಿಡಿಸುವ ಮುನ್ನ ಪಠ್ಯಕ್ರಮದ ಹಾಳೆ ಪಕ್ಕದಲ್ಲಿರಲಿ. ರಾಜ್ಯ ಲೋಕಸೇವಾ ಆಯೋಗ (ಕೆಪಿಎಸ್‌ಸಿ) ನಡೆಸುವ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ತಲಾ 100 ಪ್ರಶ್ನೆಗಳ, 200 ಅಂಕಗಳ ಎರಡು ಪತ್ರಿಕೆಗಳಿವೆ. ಮೊದಲನೆಯದರಲ್ಲಿ ರಾಷ್ಟ್ರೀಯ, ಅಂತರರಾಷ್ಟ್ರೀಯ ಮಹತ್ವದ ವಿಷಯಗಳಿಗೆ 40 ಪ್ರಶ್ನೆ, ಎರಡನೆಯದರಲ್ಲಿ ರಾಜ್ಯ ಮಹತ್ವದ ವಿಷಯಗಳಿಗೆ 40 ಪ್ರಶ್ನೆ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಡಿತ. ಕೇಂದ್ರ ಲೋಕಸೇವಾ ಆಯೋಗದ (ಯುಪಿಎಸ್‌ಸಿ) ಪೂರ್ವಭಾವಿಯಲ್ಲಿ ಕಡಿತ ಮೂರನೇ ಒಂದು ಭಾಗ. ಅರೆಬರೆ ಗೊತ್ತಿರುವ ಸುದ್ದಿ ಅಂಕ ತರುವುದಕ್ಕಿಂತ ಕಳೆಯುವುದೇ ಹೆಚ್ಚು.

ಪಠ್ಯಕ್ರಮದ ಯಾವ ಸಾಲಿಗೂ ಸೇರದ ಸುದ್ದಿಯನ್ನು ಓದಿ ಬಿಟ್ಟುಬಿಡಿ. ಪಕ್ಷಗಳ ಜಗಳ, ಅಪರಾಧ, ಸಿನಿಮಾ ಪುಟಕ್ಕೆ ಟಿಪ್ಪಣಿ ಬೇಡ. ಒಂದು ಕನ್ನಡ ಪತ್ರಿಕೆ, ಸಾಧ್ಯವಾದರೆ ಒಂದು ಇಂಗ್ಲಿಷ್ ಪತ್ರಿಕೆ, ಸರ್ಕಾರಿ ಯೋಜನೆಗಳಿಗೆ ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿಯ ಪ್ರಕಟಣೆ, ವರ್ಷಕ್ಕೊಮ್ಮೆ ಬಜೆಟ್ ಮತ್ತು ಆರ್ಥಿಕ ಸಮೀಕ್ಷೆ. ಇಷ್ಟು ಸಾಕು.

ಬೇರಿಗೆ ಇಳಿಯುವುದು

ಆಲಮಟ್ಟಿಯ ಎತ್ತರದ ಸುದ್ದಿ ಬಂದಿದೆ ಎಂದುಕೊಳ್ಳಿ. ಹೊಸ ಪುಟ ತೆಗೆಯಿರಿ. ತಲೆಬರಹ ‘ಕೃಷ್ಣಾ ಜಲವಿವಾದ’ ಎಂದಿರಲಿ. ದಿನಾಂಕವನ್ನು ತಲೆಬರಹ ಮಾಡಿದರೆ ಆರು ತಿಂಗಳ ನಂತರ ಏನೂ ಸಿಗುವುದಿಲ್ಲ. ಎಡಗಡೆ ಎರಡು ಬೆರಳಿನಷ್ಟು ಅಂಚು ಬಿಡಿ, ದಿನಾಂಕಗಳು ಅಲ್ಲಿಗೆ.

ಮೊದಲ ಸಾಲು ಸಂವಿಧಾನದ್ದು. ಅಂತರರಾಜ್ಯ ನದಿ ವಿವಾದಕ್ಕೆ 262ನೇ ವಿಧಿ. ನೀರು ರಾಜ್ಯಪಟ್ಟಿಯ 17ನೇ ನಮೂದು, ಅಂತರರಾಜ್ಯ ನದಿಗಳ ನಿಯಂತ್ರಣ ಕೇಂದ್ರಪಟ್ಟಿಯ 56ನೇ ನಮೂದು. ಅದರ ಕೆಳಗೆ ಕಾನೂನು: 1956ರ ಅಂತರರಾಜ್ಯ ನದಿ ನೀರಿನ ವಿವಾದಗಳ ಕಾಯ್ದೆ. ಆಮೇಲೆ ಆ ಕಾಯ್ದೆಯಡಿ ನೀರು ಹಂಚಲು ರಚಿಸುವ ನ್ಯಾಯಾಧಿಕರಣಗಳು. 1969ರಲ್ಲಿ ರಚನೆಯಾದ ಬಚಾವತ್ ನ್ಯಾಯಾಧಿಕರಣ ಹಂಚಿದ 2060 ಟಿಎಂಸಿ ಅಡಿಯಲ್ಲಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಕರ್ನಾಟಕಕ್ಕೆ 700, ಮಹಾರಾಷ್ಟ್ರಕ್ಕೆ 560, ಆಂಧ್ರಪ್ರದೇಶಕ್ಕೆ 800. ಎರಡನೆಯದು 2004ರ ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ. ಆಲಮಟ್ಟಿಯಲ್ಲಿ 519.60 ಮೀಟರ್‌ವರೆಗೆ ನಿಲ್ಲಿಸುತ್ತಿದ್ದ ನೀರನ್ನು 524.256 ಮೀಟರ್‌ವರೆಗೆ ನಿಲ್ಲಿಸಲು ಅದು 2010ರ ಡಿಸೆಂಬರ್‌ನಲ್ಲಿ ಒಪ್ಪಿತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಗೆಜೆಟ್‌ನಲ್ಲಿ ಪ್ರಕಟಿಸದಂತೆ ತಡೆಯಿತು.

ಇಲ್ಲಿ ಪೆನ್ನು ಕೆಳಗಿಟ್ಟು ಒಂದು ಪ್ರಶ್ನೆ ಕೇಳಿಕೊಳ್ಳಿ. ಇಂಥ ವಿವಾದಗಳನ್ನು ನ್ಯಾಯಾಲಯಗಳ ವ್ಯಾಪ್ತಿಯಿಂದ ಹೊರಗಿಡಲು 262ನೇ ವಿಧಿ ಸಂಸತ್ತಿಗೆ ಅಧಿಕಾರ ಕೊಟ್ಟಿದೆ, 1956ರ ಕಾಯ್ದೆ ಹಾಗೆಯೇ ಮಾಡಿದೆ. ಹಾಗಿದ್ದರೆ ಸುಪ್ರೀಂ ಕೋರ್ಟ್ ಕೈಹಾಕಿದ್ದು ಹೇಗೆ? ಇದಕ್ಕೆ ಉತ್ತರ ಕಾವೇರಿ ಜಲವಿವಾದದಲ್ಲಿದೆ. ನ್ಯಾಯಾಧಿಕರಣದ ತೀರ್ಪಿನ ವಿರುದ್ಧ ಸಂವಿಧಾನದ 136ನೇ ವಿಧಿಯಡಿ (ವಿಶೇಷ ಅನುಮತಿಯ ಮೇಲ್ಮನವಿ) ತಾನು ಮೇಲ್ಮನವಿ ಆಲಿಸಬಹುದು ಎಂದು 2016ರ ಡಿಸೆಂಬರ್‌ನಲ್ಲಿ ಕೋರ್ಟ್ ಹೇಳಿತು, 2018ರ ಫೆಬ್ರುವರಿಯಲ್ಲಿ ಕಾವೇರಿಯ ಅಂತಿಮ ತೀರ್ಪು ಕೊಟ್ಟಿತು. ಇಂಥ ಒಂದು ‘ಹೇಗೆ’ ಕೈಗೆ ಸಿಕ್ಕರೆ ಮುಖ್ಯ ಪರೀಕ್ಷೆಯ ಉತ್ತರಕ್ಕೆ ಬೆನ್ನೆಲುಬು ಸಿಕ್ಕಂತೆ. ಸಿದ್ಧ ಟಿಪ್ಪಣಿಗಳ ಮೇಲೆ ನನಗೆ ನಂಬಿಕೆ ಇಲ್ಲದಿರುವುದು ಇದೇ ಕಾರಣಕ್ಕೆ: ಅವುಗಳಲ್ಲಿ ಉತ್ತರವಿರುತ್ತದೆ, ನಿಮ್ಮ ಪ್ರಶ್ನೆ ಇರುವುದಿಲ್ಲ.

ಪುಟದ ಮೂಲೆಯಲ್ಲಿ ಕೈಯಿಂದಲೇ ನಕ್ಷೆ ಬರೆಯಿರಿ. ಮಹಾಬಳೇಶ್ವರದಿಂದ ಕೃಷ್ಣೆ, ಆಲಮಟ್ಟಿಗೆ ಮೊದಲೇ ಕೂಡುವ ಘಟಪ್ರಭಾ, ಆಲಮಟ್ಟಿಯ ಕೆಳಗೆ ಕೂಡಲಸಂಗಮದಲ್ಲಿ ಸೇರುವ ಮಲಪ್ರಭಾ, ಅದಕ್ಕೂ ಕೆಳಗೆ ನಾರಾಯಣಪುರದ ಬಸವಸಾಗರ. ಕೆಳಗಿನ ಮೂರನೇ ಒಂದು ಭಾಗ ಖಾಲಿ ಇರಲಿ. ವಿವಾದದಲ್ಲಿ ಹೊಸದೇನು ನಡೆದರೂ ದಿನಾಂಕದೊಂದಿಗೆ ಒಂದೇ ಸಾಲಿನಲ್ಲಿ ಅಲ್ಲಿಗೆ ಸೇರುತ್ತದೆ.

ಗೋವಾದೊಂದಿಗಿನ ಮಹದಾಯಿ ನದಿ ವಿವಾದಕ್ಕೂ ಇದೇ ಕ್ರಮ. 2018ರಲ್ಲಿ ನ್ಯಾಯಾಧಿಕರಣ ಕರ್ನಾಟಕಕ್ಕೆ ಕೊಟ್ಟದ್ದು 13.42 ಟಿಎಂಸಿ ಅಡಿ, ಗೆಜೆಟ್ ಪ್ರಕಟಣೆ 2020ರಲ್ಲಿ. ಮಹದಾಯಿಯ ನೀರು ತಿರುಗಿಸುವ ಯೋಜನೆಯ ಕಳಸಾ ನಾಲೆ ಇರುವ ಖಾನಾಪುರ ತಾಲ್ಲೂಕಿನಲ್ಲೇ ಭೀಮಗಡ ವನ್ಯಜೀವಿಧಾಮವೂ ಇರುವುದರಿಂದ ಆ ಪುಟ ಪರಿಸರದ ಪಾಠಕ್ಕೂ ಕೊಂಡಿಯಾಗುತ್ತದೆ.

ಎರಡು ಭಾಷೆಯ ಪದ

ನಮ್ಮ ಭಾಗದ ಮಕ್ಕಳು ಹೆಚ್ಚು ಎಡವುವುದು ಇಲ್ಲಿ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಆದರೆ ಪೂರ್ವಭಾವಿ ಪ್ರಶ್ನೆಗಳು ಬರುವುದು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕೆಪಿಎಸ್‌ಸಿಯ ಕನ್ನಡ ಪ್ರಶ್ನೆಯಲ್ಲಿ ಪದ ಗೊಂದಲವೆನಿಸಿದರೆ ಪಕ್ಕದ ಇಂಗ್ಲಿಷ್ ಪದವೇ ದಾರಿ ತೋರಿಸಬೇಕು. ನೋಟ್‌ಬುಕ್‌ನ ಕೊನೆಯ ಹತ್ತು ಹಾಳೆಗಳಲ್ಲಿ ಜೋಡಿಪದಗಳನ್ನು ಬರೆದುಕೊಳ್ಳುತ್ತ ಹೋಗಿ: ಸುಗ್ರೀವಾಜ್ಞೆ ಎಂದರೆ ಆರ್ಡಿನೆನ್ಸ್, ವಿತ್ತೀಯ ಕೊರತೆ ಎಂದರೆ ಫಿಸ್ಕಲ್ ಡೆಫಿಸಿಟ್, ಚಾಲ್ತಿ ಖಾತೆ ಕೊರತೆ ಎಂದರೆ ಕರೆಂಟ್ ಅಕೌಂಟ್ ಡೆಫಿಸಿಟ್.

ಭಾನುವಾರದ ಕೆಲಸ

ವಾರದ ಪುಟಗಳನ್ನು ಮುಚ್ಚಿಟ್ಟು ಖಾಲಿ ಹಾಳೆಯಲ್ಲಿ ನೆನಪಿನಿಂದ ಬರೆಯಿರಿ. ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ತುಂಬಿ. ನಾನು ಓದುತ್ತಿದ್ದ ಕಾಲದಲ್ಲಿ ಎರಡು ವರ್ಷದ ಮಾಸಪತ್ರಿಕೆಗಳನ್ನು ಕೂಡಿಟ್ಟಿದ್ದೆ, ಒಂದನ್ನೂ ಎರಡನೇ ಸಲ ತೆರೆಯಲಿಲ್ಲ. ಆ ನೋವಿನಿಂದಲೇ ಹೇಳುತ್ತೇನೆ: ಹೊಸದನ್ನು ಕಡಿಮೆ ಮಾಡಿಯಾದರೂ ಹಳೆಯದನ್ನು ತಿರುವಿಹಾಕಿ. ಪರೀಕ್ಷೆಗೆ ಹಿಂದಿನ ಸುಮಾರು ಒಂದು ವರ್ಷದ ಪುಟಗಳು ಕೈಯಲ್ಲಿದ್ದರೆ ಧೈರ್ಯವಾಗಿ ಕೂರಬಹುದು.

ಇನ್ನೊಂದು ಪುಟ ನಿಮ್ಮ ಊರಿನದು. ಸಂದರ್ಶನದಲ್ಲಿ ಜಿಲ್ಲೆಯ ಬಗ್ಗೆ ಕೇಳುವುದು ವಾಡಿಕೆ. 1987ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ ಪಟ್ಟದಕಲ್ಲು, ಯಡಹಳ್ಳಿಯ ಚಿಂಕಾರ ವನ್ಯಧಾಮ, ಇಳಕಲ್ಲಿನ ನೇಕಾರಿಕೆ, ಇಂಡಿಯ ನಿಂಬೆ ಅಲ್ಲಿರಲಿ. ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಹಿರಿಯರು ನಿಮ್ಮ ಬಂಧುಬಳಗದಲ್ಲಿ ಇದ್ದೇ ಇರುತ್ತಾರೆ. ರಜೆಯಲ್ಲಿ ಮನೆಗೆ ಹೋದಾಗ ಅವರ ಪಕ್ಕ ಕುಳಿತು ಕೇಳಿ: ಪರಿಹಾರ ಯಾವಾಗ ಬಂತು, ಪುನರ್ವಸತಿ ಕೇಂದ್ರದಲ್ಲಿ ಮೊದಲ ವರ್ಷ ಕುಡಿಯುವ ನೀರು ಎಲ್ಲಿಂದ ತಂದಿರಿ, ಹೊಲವಿಲ್ಲದೆ ಏನು ಮಾಡಿದಿರಿ? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ, 524.256 ಎಂಬ ಅಂಕಿಯ ಪಕ್ಕದಲ್ಲೇ ಬರೆದುಕೊಳ್ಳಿ.