ಮೃತ ಸಮುದ್ರದ ಸುರುಳಿಗಳಲ್ಲಿ ಒಂದು ವಚನವನ್ನು ಓದುವ ಬಗೆ

ಮೃತ ಸಮುದ್ರದ ವಾಯವ್ಯ ದಡದ ಕುಮ್ರಾನಿನಲ್ಲಿ, 1940ರ ದಶಕದ ಕೊನೆಯಿಂದ 1956ರವರೆಗೆ, ಹನ್ನೊಂದು ಗುಹೆಗಳಿಂದ ಹೊರಬಂದ ಯಹೂದಿ ಹಸ್ತಪ್ರತಿಗಳ ಬಗ್ಗೆ ಓದಿದವರು ಅನೇಕರಿದ್ದಾರೆ. ಹಸ್ತಪ್ರತಿಗಳನ್ನೇ ಕಣ್ಣಿಟ್ಟು ನೋಡಿದವರು ಕಡಿಮೆ. ಹೀಬ್ರೂ ಬಾರದವರೂ ಮೂಲವನ್ನು ನೋಡಿ ಕಲಿಯಬಹುದು. ಅದಕ್ಕೆ ಬೈಬಲಿನ ಒಂದೇ ವಚನವನ್ನು ಹಿಡಿದು ಅದನ್ನು ಎರಡು ಸುರುಳಿಗಳಲ್ಲಿ ಹುಡುಕುವುದು ಸರಿಯಾದ ಆರಂಭವೆಂದು ನಾನು ನಂಬಿದ್ದೇನೆ.

ಕನ್ನಡ ಬೈಬಲಿನಲ್ಲಿ ಯೆಶಾಯನ ಗ್ರಂಥದ 40ನೆಯ ಅಧ್ಯಾಯವನ್ನು ತೆರೆದಿಟ್ಟುಕೊಳ್ಳಿ. ಅಡವಿಯಲ್ಲಿ ದೇವರಿಗಾಗಿ ದಾರಿಯನ್ನು ಸಿದ್ಧಪಡಿಸಿರಿ ಎಂದು ಕೂಗುವ ಮೂರನೆಯ ವಚನವೇ ನಮ್ಮ ಗುರಿ. ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂ 2011ರಿಂದ ಅಂತರ್ಜಾಲದಲ್ಲಿ ಒದಗಿಸಿರುವ ಚಿತ್ರಗಳಲ್ಲಿ ಯೆಶಾಯನ ಮಹಾಸುರುಳಿಯೂ, ಒಂದು ಯಹೂದಿ ಪಂಗಡ ತನ್ನ ಬಾಳಿಗೆ ಬರೆದುಕೊಂಡ ಸಮುದಾಯದ ನಿಯಮಾವಳಿಯೂ ಇವೆ. ಎರಡೂ ಮೊದಲನೆಯ ಗುಹೆಯವು. ಹೀಬ್ರೂ ಬರಹ ಬಲದಿಂದ ಎಡಕ್ಕೆ ಸಾಗುತ್ತದೆ, ಅಕ್ಷರಗಳು ಚರ್ಮದ ಮೇಲೆ ಎಳೆದ ಗೆರೆಗೆ ಜೋತುಬಿದ್ದಂತಿರುತ್ತವೆ. ಯೋದ್, ಹೇ, ವಾವ್, ಹೇ ಎಂಬ ನಾಲ್ಕು ಅಕ್ಷರಗಳ ಆಕಾರವನ್ನು ಮೊದಲು ಗುರುತಿಸಿಕೊಳ್ಳಿ. ಅವು ದೇವರ ಹೆಸರಿನ ಅಕ್ಷರಗಳು.

ಯೆಶಾಯನ ಮಹಾಸುರುಳಿ ಹದಿನೇಳು ಚರ್ಮದ ಹಾಳೆಗಳನ್ನು ಹೊಲಿದು ಮಾಡಿದ್ದು. ಏಳು ಮೀಟರಿಗೂ ಮಿಕ್ಕಿದ ಅದರ ಉದ್ದದಲ್ಲಿ 54 ಅಂಕಣಗಳಿವೆ. 33ನೆಯ ಅಂಕಣಕ್ಕೆ ಹೋಗಿ. ನಮ್ಮ ವಚನ ಅಂಕಣದ ಮೇಲ್ಭಾಗದಲ್ಲಿಯೇ ಇದೆ, ಅದರಲ್ಲಿ ಆ ನಾಲ್ಕು ಅಕ್ಷರಗಳೂ ಸಹಜವಾಗಿ ಕಾಣುತ್ತವೆ. ಅಲ್ಲಿಂದ ಕೆಳಗಿಳಿದು ಏಳು ಮತ್ತು ಎಂಟನೆಯ ವಚನಗಳ ಬಳಿ ನಿಧಾನಿಸಿ. ಹುಲ್ಲು ಒಣಗುತ್ತದೆ, ಹೂವು ಬಾಡುತ್ತದೆ ಎಂಬ ಮಾತು ಅಲ್ಲಿ ಎರಡು ಬಾರಿ ಬರುವುದರಿಂದ ಲಿಪಿಕಾರನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಾರಿ ನಡುವಿನ ಮಾತು ಬಿಟ್ಟುಹೋದಂತಿದೆ; ಮತ್ತೊಂದು ಕೈ ಅದನ್ನು ಸಾಲುಗಳ ನಡುವೆ ಸೇರಿಸಿ, ಸ್ಥಳ ಸಾಲದೆ ಅಂಚಿಗೂ ಇಳಿಸಿದೆ. ಈ ಸೇರ್ಪಡೆಯಲ್ಲಿ ದೇವರ ಹೆಸರು ಬರಬೇಕಾದ ಕಡೆ ನಾಲ್ಕು ಚುಕ್ಕೆಗಳು ಮಾತ್ರ ಇವೆ.

ಈಗ ನಿಯಮಾವಳಿಯ ಎಂಟನೆಯ ಅಂಕಣದ 14ನೆಯ ಸಾಲನ್ನು ನೋಡಿ. ಅದೇ ಅಡವಿಯ ವಚನ ಅಲ್ಲಿ ಉದ್ಧರಣೆಯಾಗಿ ಬಂದಿದೆ, ಹೆಸರಿನ ಜಾಗದಲ್ಲಿ ಅದೇ ನಾಲ್ಕು ಚುಕ್ಕೆಗಳಿವೆ. ಈ ಸುರುಳಿಯನ್ನು ಬರೆದವನೇ ಯೆಶಾಯನ ಸುರುಳಿಯನ್ನೂ ತಿದ್ದಿದನೆಂದು ವಿದ್ವಾಂಸರು ಕೈಬರಹದ ಆಧಾರದಿಂದ ಹೇಳುತ್ತಾರೆ. ಬರೆಯಲೂ ಅಂಜುವಷ್ಟು ಪವಿತ್ರವಾದ ಹೆಸರಿನೆದುರು ಆ ಲೇಖನಿ ನಿಂತ ಸ್ಥಳ ಇದೆಂದು ತಿಳಿದು ನೋಡುವಾಗ ಎರಡು ಸಾವಿರ ವರ್ಷಗಳ ಅಂತರ ನನಗೆ ಕರಗಿದಂತಾಗುತ್ತದೆ.

ಉದ್ಧರಣೆಯ ಮುಂದಿನ ಸಾಲನ್ನು ಅನುವಾದದಲ್ಲಿ ತಪ್ಪದೆ ಓದಿ. ಅಡವಿಯಲ್ಲಿ ಸಿದ್ಧಪಡಿಸಬೇಕಾದ ದಾರಿಯೆಂದರೆ ಮೋಶೆಯ ಮೂಲಕ ಬಂದ ತೋರಾದ, ಅಂದರೆ ಧರ್ಮಶಾಸ್ತ್ರದ, ಅಧ್ಯಯನ ಎಂದು ನಿಯಮಾವಳಿ ವಿವರಿಸುತ್ತದೆ. ತಮ್ಮನ್ನು ಯಹದ್, ಅಂದರೆ ಒಂದುಗೂಡಿದವರು, ಎಂದು ಕರೆದುಕೊಂಡ ಈ ಜನ ವರ್ಷದ ಎಲ್ಲ ರಾತ್ರಿಗಳ ಮೂರನೆಯ ಒಂದು ಪಾಲನ್ನು ಓದು, ಅಧ್ಯಯನ, ಪ್ರಾರ್ಥನೆಗಳಲ್ಲಿ ಒಟ್ಟಾಗಿ ಕಳೆಯಬೇಕೆಂದು ಆರನೆಯ ಅಂಕಣ ವಿಧಿಸುತ್ತದೆ. ಪ್ರಾಚೀನ ಲೇಖಕರಾದ ಹಿರಿಯ ಪ್ಲಿನಿ ಮತ್ತು ಜೋಸೆಫಸ್ ವರ್ಣಿಸಿದ ಎಸ್ಸೀನರೆಂಬ ಯಹೂದಿ ಪಂಥದವರು ಇವರೇ ಎಂಬ ಅಭಿಪ್ರಾಯ ಪ್ರಬಲವಾಗಿದ್ದರೂ ಸುರುಳಿಗಳಲ್ಲಿ ಆ ಹೆಸರು ಸ್ಪಷ್ಟವಾಗಿ ಎಲ್ಲಿಯೂ ಬರುವುದಿಲ್ಲ; ಆದ್ದರಿಂದ ನಿಮ್ಮ ಟಿಪ್ಪಣಿಯಲ್ಲಿ ಯಹದ್ ಎಂದೇ ಬರೆದುಕೊಳ್ಳಿ. ಗುಹೆಗಳಲ್ಲಿ ಸಿಕ್ಕಿದ್ದೆಲ್ಲವನ್ನೂ ಇವರೇ ರಚಿಸಿದರೆಂದೂ ಭಾವಿಸಬೇಡಿ, ಯೆಶಾಯನ ಗ್ರಂಥ ಎಲ್ಲ ಯಹೂದಿಗಳ ಸ್ವತ್ತಾಗಿತ್ತು.

ಇಷ್ಟು ಅಭ್ಯಾಸವಾದ ಮೇಲೆ ಅದೇ ಸಂಗ್ರಹದ ಹಬಕ್ಕೂಕನ ವ್ಯಾಖ್ಯಾನವನ್ನು, ಅಂದರೆ ಹಬಕ್ಕೂಕನೆಂಬ ಪ್ರವಾದಿಯ ಗ್ರಂಥಕ್ಕೆ ಬರೆದ ವಿವರಣೆಯನ್ನು, ತೆರೆಯಿರಿ. ಅಲ್ಲಿ ಚುಕ್ಕೆಗಳಿಲ್ಲ, ಸುತ್ತಲಿನ ಬರಹಕ್ಕಿಂತ ಬೇರೆಯಾದ ಪ್ರಾಚೀನ ಹೀಬ್ರೂ ಲಿಪಿಯಲ್ಲಿ ಆ ಹೆಸರನ್ನು ಬರೆದಿರುವುದನ್ನು ನೀವು ಯಾರ ನೆರವೂ ಇಲ್ಲದೆ ಗುರುತಿಸಬಲ್ಲಿರಿ.